36 ಸೆಂಟಿಮೀಟರ್‌ನಲ್ಲಿ 1066

ಇಂಗ್ಲೆಂಡಿನಲ್ಲಿ ಮಕ್ಕಳು ಸೆಕೆಂಡರಿ ಶಾಲೆಗೆ ಸೇರುತ್ತಿದ್ದ ಹಾಗೆ ನನಗೆ ಕನ್ನಡದ ಅಪ್ಪ ಅಮ್ಮಂದಿರ ಫೋನ್ ಬರಲು ಶುರುವಾಗುತ್ತದೆ. "ಮೇಡಂ, ನಾವು ಓದಿದ್ದು ಹೊಯ್ಸಳರು, ವಿಜಯನಗರ. ಇಲ್ಲಿನ ರಾಜರ ಕಥೆ ನಮಗೇ ಗೊತ್ತಿಲ್ಲ. ಮಗಳಿಗೆ ಇಸವಿಗಳನ್ನ ಬಾಯಿಪಾಠ ಮಾಡಿಸಿದ್ರೆ ಸಾಕಾ?"

ಸಾಲದು. ಇಷ್ಟು ವರ್ಷ ಇತಿಹಾಸ ಪಾಠ ಮಾಡಿ ನಾನು ಕಂಡುಕೊಂಡದ್ದು ಇಷ್ಟೇ: ಇಸವಿಗೆ ಜಾಗ ಜೊತೆಯಾದಾಗ ಮಾತ್ರ ಮಗು "ಯಾಕೆ" ಎಂದು ಕೇಳುತ್ತದೆ. ಅದಕ್ಕೆ ಒಂದು ನಕ್ಷೆ, ಒಂದು ಉದ್ದನೆಯ ಕಾಗದ, ಸ್ವಲ್ಪ ದಾರ ಇದ್ದರೆ ಸಾಕು. ಮೊದಲ ದಿನ ಒಂದೇ ಒಂದು ವರ್ಷ ತೆಗೆದುಕೊಳ್ಳಿ. 1066.

ಕಥೆ ಹೀಗೆ ಶುರು ಮಾಡಿ. ಜನವರಿಯಲ್ಲಿ ರಾಜ ಎಡ್ವರ್ಡ್ ಸತ್ತ. ಅವನಿಗೆ ಮಕ್ಕಳಿರಲಿಲ್ಲ. ಮರುದಿನವೇ ಇಂಗ್ಲೆಂಡಿನ ಪ್ರಬಲ ಸರದಾರ ಹೆರಾಲ್ಡ್ ಪಟ್ಟಕ್ಕೆ ಬಂದ. ಆದರೆ ಆ ಪಟ್ಟ ತನ್ನದು ಎನ್ನುವವರು ಇನ್ನೂ ಇಬ್ಬರಿದ್ದರು. ದಕ್ಷಿಣಕ್ಕೆ, ಇಂಗ್ಲಿಷ್ ಚಾನೆಲ್ ಎಂಬ ಕಡಲ್ಗಾಲುವೆಯ ಆಚೆ ದಡದಲ್ಲಿ ನಾರ್ಮಂಡಿಯ ವಿಲಿಯಂ. ಈಶಾನ್ಯಕ್ಕೆ, ಸಮುದ್ರದಾಚೆ ನಾರ್ವೆಯ ರಾಜ ಹಾರ್ಡ್ರಾಡಾ. ಮೂವರನ್ನೂ ನಕ್ಷೆಯಲ್ಲಿ ಅವರವರ ಜಾಗದಲ್ಲಿಡಿ. ಮೂರು ಗುಂಡಿ ಅಥವಾ ಮೂರು ಕಡಲೆಕಾಳು ಆದರೂ ಆದೀತು.

ಈಗ ಕಾಗದದ ಮೇಲೆ 36 ಸೆಂಟಿಮೀಟರ್ ಉದ್ದದ ಗೆರೆ ಎಳೆಯಿರಿ. ದಿನಕ್ಕೆ 1 ಸೆಂಟಿಮೀಟರ್. ಎಡತುದಿ ಸೆಪ್ಟೆಂಬರ್ 8. ವಿಲಿಯಂ ಬರುತ್ತಾನೆಂದು ಬೇಸಿಗೆಯಿಡೀ ದಕ್ಷಿಣ ಕರಾವಳಿಯನ್ನು ಕಾದ ಹೆರಾಲ್ಡ್, ದಿನಸಿ ಮುಗಿದು ಸೈನಿಕರನ್ನು ಮನೆಗೆ ಕಳಿಸಿದ ದಿನ ಅದು. 12 ಸೆಂ.ಮೀ. ದಾಟಿದರೆ ಸೆಪ್ಟೆಂಬರ್ 20. ನಾರ್ವೆಯವರು ಯಾರ್ಕ್ ಪಕ್ಕದ ಫುಲ್‌ಫರ್ಡ್‌ನಲ್ಲಿ ಗೆದ್ದರು. ಇನ್ನು 5 ಸೆಂ.ಮೀ. ಮುಂದೆ, ಸೆಪ್ಟೆಂಬರ್ 25. ಧಾವಿಸಿ ಬಂದ ಹೆರಾಲ್ಡ್ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಅವರನ್ನು ಸೋಲಿಸಿದ. ಹಾರ್ಡ್ರಾಡಾ ಅಲ್ಲೇ ಸತ್ತ. ಆಮೇಲೆ ಬರೀ 3 ಸೆಂ.ಮೀ. ಸೆಪ್ಟೆಂಬರ್ 28ಕ್ಕೆ ವಿಲಿಯಂ ಪೆವೆನ್ಸಿಯಲ್ಲಿ ಇಳಿದ. ಬಲತುದಿ ಅಕ್ಟೋಬರ್ 14, ಹೇಸ್ಟಿಂಗ್ಸ್ ಯುದ್ಧ. ವಿಲಿಯಂ ಗೆದ್ದ, ಹೆರಾಲ್ಡ್ ಸತ್ತ.

ಇಲ್ಲಿ ನಿಲ್ಲಿಸಿ, ಮಗುವಿನ ಕೈಗೆ ದಾರ ಕೊಡಿ. ಹೆರಾಲ್ಡ್ ದಕ್ಷಿಣಕ್ಕೆ ಮರಳಿದ ದಾರಿಯನ್ನು ಅಳೆಯಲಿ. ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಿಂದ ಲಂಡನ್‌ಗೆ, ಲಂಡನ್‌ನಿಂದ ಹೇಸ್ಟಿಂಗ್ಸ್‌ಗೆ ದಾರ ಇಟ್ಟು, ನಕ್ಷೆಯ ಅಳತೆಪಟ್ಟಿಗೆ ಹಿಡಿದು ನೋಡಲಿ. ಸುಮಾರು 400 ಕಿಲೋಮೀಟರ್ ಬರುತ್ತದೆ. ಕಾಲರೇಖೆಯಲ್ಲಿ ಅದಕ್ಕಿರುವ ಜಾಗ 19 ಸೆಂಟಿಮೀಟರ್. ಅದರಲ್ಲೇ ಲಂಡನ್‌ನಲ್ಲಿ ಕೆಲವು ದಿನ ತಂಗಿ ಸೈನ್ಯ ಕೂಡಿಸಿದ್ದೂ ಸೇರಿದೆ. ಆಗ ಮಕ್ಕಳು ತಾವಾಗಿಯೇ ಹೇಳುತ್ತಾರೆ, "ಪಾಪ, ಸುಸ್ತಾಗಿತ್ತಲ್ವಾ?" ಆ ಒಂದು ಮಾತಿಗಾಗಿ ನಾನು ಎಷ್ಟು ಹೊತ್ತು ಬೇಕಾದರೂ ಕಾಯುತ್ತೇನೆ. ಆದರೆ ಅಲ್ಲಿಗೇ ಬಿಡಬೇಡಿ. ಯುದ್ಧ ಬೆಳಿಗ್ಗೆ ಶುರುವಾಗಿ ಹೆಚ್ಚುಕಡಿಮೆ ಕತ್ತಲಾಗುವವರೆಗೆ ನಡೆಯಿತು. ಸುಸ್ತೊಂದೇ ಕಾರಣವಾಗಿದ್ದರೆ ಅಷ್ಟು ಹೊತ್ತು ನಿಲ್ಲುತ್ತಿದ್ದರೇ? ಲಂಡನ್‌ನಲ್ಲಿ ಇನ್ನೊಂದು ವಾರ ಕಾಯಬಹುದಿತ್ತಲ್ಲ? ಮತ್ತೆ ನಕ್ಷೆ ನೋಡಿ. ವಿಲಿಯಂ ಇಳಿದದ್ದು ಸಸೆಕ್ಸ್‌ನಲ್ಲಿ. ಅದು ಹೆರಾಲ್ಡನ ಮನೆತನದ ಸ್ವಂತ ಸೀಮೆ, ಅವನ ಜನರ ಊರುಗಳು ಅಲ್ಲಿ ಉರಿಯುತ್ತಿದ್ದವು.

ಕಥೆಯನ್ನು ಹೀಗೆ ಉದ್ದಕ್ಕೆ ಹರಡುವುದು ಹೊಸದೇನಲ್ಲ. ಬಾಯೋ ಟೇಪೆಸ್ಟ್ರಿ ಎಂದು ಕರೆಯುವ ಬಟ್ಟೆ ಸುಮಾರು 70 ಮೀಟರ್ ಉದ್ದವಿದೆ. ಲಿನನ್ ಮೇಲೆ ಉಣ್ಣೆ ದಾರದಲ್ಲಿ ಮಾಡಿದ ಕಸೂತಿ ಅದು. ಈ ಯುದ್ಧದ ಕಥೆಯನ್ನೇ 11ನೇ ಶತಮಾನದ ಜನ ಸಾಲಾಗಿ ಹೊಲಿದಿಟ್ಟಿದ್ದಾರೆ. ಅದರ ಚಿತ್ರಗಳನ್ನು ತೋರಿಸಿ.

ಮುಂದಿನ ಭಾನುವಾರಕ್ಕೆ ದೊಡ್ಡ ಕಾಲರೇಖೆ. ಅಂಗಡಿಯಲ್ಲಿ ಸಿಗುವ ಟೈಮ್‌ಲೈನ್ ಪೋಸ್ಟರ್ ನನಗೆ ಇಷ್ಟವಿಲ್ಲ. ಎಷ್ಟೋ ಪೋಸ್ಟರ್‌ಗಳಲ್ಲಿ ಎಲ್ಲ ಇಸವಿಗೂ ಒಂದೇ ಅಳತೆಯ ಡಬ್ಬ ಇರುತ್ತದೆ. 1066ರಿಂದ 1086ಕ್ಕೆ ಎಷ್ಟು ಅಂತರವೋ, 1086ರಿಂದ 1215ಕ್ಕೂ ಅಷ್ಟೇ! ಮನೆಯಲ್ಲೇ ಮಾಡಿ. ವರ್ಷಕ್ಕೆ 2 ಮಿಲಿಮೀಟರ್ ಇಟ್ಟರೆ ಶತಮಾನಕ್ಕೆ 20 ಸೆಂಟಿಮೀಟರ್. ಶಾಲೆಯ ಪಠ್ಯಕ್ರಮದ 1066ರಿಂದ 1509ರವರೆಗಿನ ಮಧ್ಯಯುಗ 90 ಸೆಂ.ಮೀ.ಗಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ. ಊಟದ ಮೇಜಿನ ಮೇಲೇ ಹಾಸಬಹುದು.

ಇದರ ಮೇಲೆ ಬರೀ ರಾಜರನ್ನು ಬರೆಯಬೇಡಿ. ಒಬ್ಬ ಸಾಮಾನ್ಯ ಮನುಷ್ಯನ ಆಯಸ್ಸನ್ನು ದಾರದಲ್ಲಿ ಇಡಿ. 1348ರ ಬೇಸಿಗೆಯಲ್ಲಿ ಪ್ಲೇಗ್ ಡಾರ್ಸೆಟ್ ಕರಾವಳಿಗೆ ಬಂತು, ಶರತ್ಕಾಲಕ್ಕೆ ಲಂಡನ್ ಮುಟ್ಟಿತು, ಮರುವರ್ಷ ಉತ್ತರಕ್ಕೆ ಹಬ್ಬಿತು. ನಕ್ಷೆಯ ಮೇಲೆ ಈ ದಾರಿಯನ್ನು ಮಗು ಬೆರಳಲ್ಲಿ ಎಳೆಯಲಿ. ಮೂರರಲ್ಲಿ ಒಬ್ಬರಾದರೂ ಸತ್ತರು. ಆಗ 5 ವರ್ಷವಿದ್ದು ಬದುಕುಳಿದ ಹುಡುಗನನ್ನು ಊಹಿಸಿಕೊಳ್ಳಿ. ಅವನು ದೊಡ್ಡವನಾಗುವಾಗ ಕೂಲಿಯಾಳುಗಳ ಕೊರತೆ. ಕೂಲಿ ಜಾಸ್ತಿ ಕೇಳಬಾರದೆಂದು 1351ರಲ್ಲೇ ಕಾನೂನು ಬಂದಿತ್ತು. 1381ರಲ್ಲಿ ರೈತರು ದಂಗೆ ಎದ್ದು ಲಂಡನ್‌ಗೆ ನುಗ್ಗಿದಾಗ ಅವನಿಗೆ 38. ಪಾಠಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುವ ಪ್ಲೇಗ್ ಮತ್ತು ದಂಗೆ ಇಲ್ಲಿ ಒಂದೇ ದಾರದ ಉದ್ದದಲ್ಲಿ ಸಿಗುತ್ತವೆ.

ನಮ್ಮ ಕಡೆಯದನ್ನು ಅದೇ ಗೆರೆಯ ಕೆಳಗೆ ಬರೆಯಿರಿ. ಡರಂ ಕೆಥೆಡ್ರಲ್ ಕಟ್ಟಿದ್ದು 1093ರಿಂದ 1133ರವರೆಗೆ. ಆ ಕೆಲಸ ನಡೆಯುತ್ತಿದ್ದಾಗಲೇ, 1117ರಲ್ಲಿ, ಬೇಲೂರಿನಲ್ಲಿ ವಿಷ್ಣುವರ್ಧನನ ಚನ್ನಕೇಶವ ಗುಡಿ. ಇಲ್ಲಿನ ಪಠ್ಯಕ್ರಮ ಮಧ್ಯಯುಗಕ್ಕೆ ಗಡಿ ಹಾಕುವ 1509ರಲ್ಲಿ ಎಂಟನೇ ಹೆನ್ರಿ ರಾಜನಾದ, ಕೃಷ್ಣದೇವರಾಯನೂ ಅದೇ ವರ್ಷ. ಅಜ್ಜಿ ವಿಡಿಯೋ ಕಾಲ್‌ನಲ್ಲಿ ಸಿಕ್ಕಾಗ ಮಗುವಿಗೆ ಹೇಳಲು ಒಂದು ವಿಷಯವಾಯಿತು.

ನಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಮೊದಮೊದಲು ನಾನು ಇಂದಿನ ಬ್ರಿಟನ್ನಿನ ನಕ್ಷೆಯನ್ನೇ ಗೋಡೆಗೆ ಹಚ್ಚುತ್ತಿದ್ದೆ. ವೇಲ್ಸ್ ಯಾವಾಗಲೂ ಇಂಗ್ಲೆಂಡಿನ ಜೊತೆಗೇ ಇತ್ತು ಎಂದು ಮಕ್ಕಳು ತಿಳಿದುಬಿಟ್ಟರು. ಈಗ ಗಡಿಗಳಿಲ್ಲದ, ಬರೀ ನದಿ, ಬೆಟ್ಟ, ಕರಾವಳಿ ಇರುವ ನಕ್ಷೆ ಬಳಸುತ್ತೇನೆ. ಅದರ ಮೇಲೆ ಅಡುಗೆಮನೆಯ ಬೇಕಿಂಗ್ ಪೇಪರ್ ಇಟ್ಟು, ಒಂದೊಂದು ಕಾಲಕ್ಕೆ ಒಂದೊಂದು ಹಾಳೆಯಂತೆ ಗಡಿ ಬರೆಸುತ್ತೇನೆ.

ವೇಲ್ಸ್ ಹಾಳೆಯಲ್ಲಿ, 13ನೇ ಶತಮಾನದಲ್ಲಿ ವೇಲ್ಸ್ ಗೆದ್ದ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್‌ನ (1066ರಲ್ಲಿ ಸತ್ತ ಎಡ್ವರ್ಡ್ ಅಲ್ಲ) ಕೋಟೆಗಳನ್ನು ಗುರುತಿಸಿ. ಫ್ಲಿಂಟ್, ಕಾನ್ವಿ, ಕರ್ನಾರ್ವನ್, ಹಾರ್ಲೆಕ್, ಬೊಮಾರಿಸ್. ಎಲ್ಲವೂ ನೀರಿನ ಅಂಚಿನಲ್ಲಿ. ಯಾಕೆ ಎಂದು ಕೇಳಿ, ಉತ್ತರ ನೀವು ಹೇಳಬೇಡಿ. ನಡುವೆ ಸ್ನೋಡೋನಿಯಾ ಬೆಟ್ಟಗಳಿವೆ, ಆಹಾರ ಹಡಗಿನಲ್ಲೇ ಬರಬೇಕು. 1294ರಲ್ಲಿ ವೇಲ್ಸಿನವರು ದಂಗೆಯೆದ್ದು ಹಾರ್ಲೆಕ್‌ಗೆ ಮುತ್ತಿಗೆ ಹಾಕಿದಾಗ ಐರ್ಲೆಂಡಿನಿಂದ ಸಮುದ್ರದ ಮೇಲೆ ಬಂದ ಸಾಮಾನು ಕೋಟೆಯನ್ನು ಉಳಿಸಿತು.

ರಜೆಯಲ್ಲಿ ಆ ಕಡೆ ಹೋದರೆ ಆ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಳ್ಳಿ. ಹಾರ್ಲೆಕ್‌ನಲ್ಲಿ ಈಗ ಸಮುದ್ರ ದೂರ ಸರಿದಿದೆ. ಬಂಡೆಯಿಂದ ಇಳಿಯುವ ಮೆಟ್ಟಿಲುಗಳು ಒಣನೆಲಕ್ಕೆ ಬಂದು ನಿಲ್ಲುತ್ತವೆ. ಹಡಗು ಎಲ್ಲಿಗೆ ಬರುತ್ತಿತ್ತು ಎಂದು ಮಗು ಕೇಳಿದಾಗ, ಅಲ್ಲೇ ಮೆಟ್ಟಿಲ ಮೇಲೆ ಕೂತು ಆ ಹಾಳೆಗೆ ಹಳೆಯ ದಡದ ಗೆರೆ ಎಳೆಯಲು ಹೇಳಿ.