ಸೂಜಿ ಚುಚ್ಚುವಾಗ ಅಮ್ಮ ಎಲ್ಲಿರಬೇಕು?

ಹುಟ್ಟಿದ ಎರಡು ಮೂರು ದಿನದಲ್ಲಿ ಮಗುವಿನ ಹಿಮ್ಮಡಿಗೆ ಚುಚ್ಚಿ ನಾಲ್ಕೈದು ಹನಿ ರಕ್ತ ತೆಗೆಯುತ್ತಾರೆ. ಥೈರಾಯ್ಡ್ ಕೊರತೆಯಂಥ ತೊಂದರೆಗಳನ್ನು ಬೇಗ ಕಂಡುಹಿಡಿಯಲು ಇದು ಬೇಕೇ ಬೇಕು. ಅಷ್ಟರಲ್ಲಿ ವಿಟಮಿನ್ ಕೆ, ಬಿಸಿಜಿ, ಹೆಪಟೈಟಿಸ್ ಬಿ ಸೂಜಿಗಳೂ ಆಗಿರುತ್ತವೆ. ಯಾವುದನ್ನೂ ಬಿಡುವಂತಿಲ್ಲ. ಆದರೆ ಎಷ್ಟೋ ಕಡೆ "ಅಮ್ಮ, ನೀವು ಹೊರಗಿರಿ" ಅಂತ ಹೇಳಿ ಮಗುವನ್ನು ಒಳಗೆ ಒಯ್ಯುತ್ತಾರೆ. ಬಾಗಿಲಾಚೆ ಅಳು ಕೇಳುತ್ತದೆ. ಆ ನೋವಿನ ಮದ್ದು ಬಾಗಿಲ ಈಚೆ ನಿಂತಿರುತ್ತದೆ.

"ಇಷ್ಟು ಎಳೇ ಕೂಸಿಗೆ ಏನು ಗೊತ್ತಾಗುತ್ತೆ" ಅನ್ನುವ ಮಾತು ಮನೆಯ ಹಿರಿಯರದ್ದು ಮಾತ್ರ ಅಲ್ಲ. 1980ರ ದಶಕದಲ್ಲೂ ಅನೇಕ ವೈದ್ಯರು ಹಾಗೇ ನಂಬಿದ್ದರು. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಎದೆಯ ಆಪರೇಷನ್ ಮಾಡುವಾಗಲೂ ಮೈ ಅಲ್ಲಾಡದಂತೆ ಔಷಧಿ ಕೊಡುತ್ತಿದ್ದರು. ನೋವಿಗೆ ಏನೂ ಇಲ್ಲ, ಅಥವಾ ತೀರಾ ಕಡಿಮೆ. ಇದನ್ನು ಮೊದಲ ಸಲ ಓದಿದಾಗ ನನ್ನ ಕರುಳು ಚುರುಕ್ ಅಂದಿತು.

ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕೆ.ಜೆ.ಎಸ್. ಆನಂದ್ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಆಪರೇಷನ್ ವೇಳೆ ಫೆಂಟನಿಲ್ ಎಂಬ ನೋವಿನ ಔಷಧಿಯನ್ನೂ ಪಡೆದ ಶಿಶುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ ಏರಿದವು, ಆಮೇಲಿನ ತೊಂದರೆಗಳೂ ಕಡಿಮೆಯಾದವು. 1987ರಲ್ಲಿ ಇದು ಪ್ರಕಟವಾಯಿತು. ನಿಜ ಹೇಳಬೇಕೆಂದರೆ ನವಜಾತ ಶಿಶುವಿಗೆ ನೋವು ಜಾಸ್ತಿಯೇ ಆಗಬಹುದು. ಮಿದುಳಿನಿಂದ ಕೆಳಗಿಳಿದು ನೋವಿಗೆ ಬ್ರೇಕ್ ಹಾಕುವ ನರಮಾರ್ಗಗಳು ಆಗಿನ್ನೂ ಬಲಿತಿರುವುದಿಲ್ಲ.

ಸಣ್ಣ ಸೂಜಿಗೆ ಫೆಂಟನಿಲ್ ಬೇಕಿಲ್ಲ. ನಾಲಿಗೆ ಮೇಲೆ ಸಕ್ಕರೆ ದ್ರಾವಣದ ಕೆಲವು ಹನಿ ಬಿಟ್ಟು, ಎರಡು ನಿಮಿಷದ ನಂತರ ಚುಚ್ಚುವ ಪದ್ಧತಿ ಆಸ್ಪತ್ರೆಗಳಲ್ಲಿದೆ. ಸಿಹಿ ನಾಲಿಗೆಗೇ ತಾಗಬೇಕು. ಕೊಳವೆಯಲ್ಲಿ ನೇರ ಹೊಟ್ಟೆಗೆ ಹೋದರೆ ಕೆಲಸ ಮಾಡುವುದಿಲ್ಲ. ಆದರೆ 2010ರ ಲಂಡನ್ ಅಧ್ಯಯನದಲ್ಲಿ, ಸಕ್ಕರೆ ಪಡೆದ ಮಗುವಿನ ಮುಖದಲ್ಲಿ ನೋವು ಕಡಿಮೆ ಕಂಡರೂ ಮಿದುಳಿನಲ್ಲಿ ನೋವಿನ ಸಂಕೇತ ತಗ್ಗಿರಲಿಲ್ಲ. (ಇದನ್ನು ಕೇಳಿ ಮನೆಯಲ್ಲಿ ಜೇನುತುಪ್ಪ ನೆಕ್ಕಿಸಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.)

ಹಾಗಾಗಿ ನನ್ನ ಒಲವು ಮಡಿಲಿನ ಕಡೆಗೆ. 2000ರಲ್ಲಿ ಬಾಸ್ಟನ್‌ನಲ್ಲಿ 30 ಶಿಶುಗಳ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧದಷ್ಟು ಮಕ್ಕಳನ್ನು ಅಮ್ಮನ ಬರಿ ಎದೆಗೆ ಒರಗಿಸಿ ಹಿಮ್ಮಡಿಗೆ ಚುಚ್ಚಿದರು. ತೊಟ್ಟಿಲಲ್ಲಿದ್ದವರಿಗಿಂತ ಅವರ ಅಳು ಶೇ. 82ರಷ್ಟು ಕಡಿಮೆ ಇತ್ತು. ಎಂಥ ಅಂತರ ಅಲ್ವಾ! 2021ರಲ್ಲಿ ಲಂಡನ್‌ನ ಸಂಶೋಧಕರು ಮಿದುಳಿನ ಸಂಕೇತವನ್ನೇ ಅಳೆದರು. ಬಟ್ಟೆಯ ಮೇಲಿಂದ ಅಪ್ಪಿಕೊಂಡಾಗಿನದಕ್ಕಿಂತ ಮೈಗೆ ಮೈ ತಾಗಿದ್ದಾಗ ಅದು ತಗ್ಗಿತ್ತು.

ಹಾಲೂಡಿಸುತ್ತಾ ಇದ್ದರೆ ಇನ್ನೂ ಒಳ್ಳೆಯದು. ಬೆಚ್ಚಗಿನ ಮೈ, ಚೀಪುವಿಕೆ, ಹಾಲಿನ ಸಿಹಿ ಎಲ್ಲ ಒಟ್ಟಿಗೆ ಸಿಗುತ್ತವೆ. ಹಾಲು ನೆತ್ತಿಗೇರೀತು ಎಂಬ ಭಯ ಬಹಳ ಜನರಿಗಿದೆ. ಇಂಥ ಪ್ರಯೋಗಗಳಲ್ಲಿ ಹಾಗೆ ಆಗಿದ್ದು ಕಂಡುಬಂದಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಲಸಿಕೆ ಹಾಕುವಾಗ ಹಾಲೂಡಿಸಬಹುದು ಎಂದು ಹೇಳಿದೆ.

ಸೂಜಿ ಬರುವ ಮೊದಲೇ ಶುರು ಮಾಡಬೇಕು. ಮಗು ಮೊಲೆ ಸರಿಯಾಗಿ ಹಿಡಿದು ಒಂದೇ ಲಯದಲ್ಲಿ ಚೀಪತೊಡಗಲಿ, ಆಮೇಲೆ ಚುಚ್ಚಲಿ. ಮುಗಿದ ಕೂಡಲೇ ಬಿಡಿಸಬೇಡಿ. ಸಿಜೇರಿಯನ್ ಆಗಿ ಅಮ್ಮ ಏಳಲಾಗದಿದ್ದರೆ ಅಪ್ಪ ಅಂಗಿಯ ಗುಂಡಿ ಬಿಚ್ಚಿ, ಮಗುವನ್ನು ಎದೆಗೆ ಒರಗಿಸಿಕೊಂಡು ಕೂರಬಹುದು. "ಎರಡು ನಿಮಿಷ ಕೊಡಿ ಸಿಸ್ಟರ್, ಇಲ್ಲೇ ಎತ್ತಿಕೊಂಡಿರ್ತೀನಿ" ಅಂತ ಕೇಳಿ ನೋಡಿ.