ಮಾರ್ಚ್ ತಿಂಗಳ ಒಂದು ಇಂಚು

ಕೊಡಗಿನಲ್ಲಿ ಕಾಫಿ ತೋಟದ ಎಷ್ಟೋ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡಬೇಕು, ಎಷ್ಟು ಇಂಚು ಎಷ್ಟು ಸೆಂಟ್ ಅಂತ ಬರೆದಿಡಬೇಕು. ಇಂಚಿನ ನೂರನೇ ಒಂದು ಪಾಲು ಸೆಂಟ್. ಆಮೇಲೆ ಫೋನ್ ಶುರು: "ನಿಮ್ಮಲ್ಲಿ ಎಷ್ಟು ಬಂತು?"

ಮೊನ್ನೆ ನಮ್ಮ ಮನೆಯ ಪುಸ್ತಕವನ್ನು ಗ್ರಾಫ್ ಮಾಡೋಣ ಅಂತ ಕೂತೆ. ಒಂದು ಗುಂಡಿ ಒತ್ತಿದ್ದಕ್ಕೆ ಕಂಪ್ಯೂಟರ್ ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ ನಿಲ್ಲಿಸಿಬಿಟ್ಟಿತು. ಜುಲೈ ಕಂಬ ಮುಗಿಲು ಮುಟ್ಟಿತ್ತು. ಮಾರ್ಚ್ ಕಂಬ ಎಲ್ಲಿದೆ ಅಂತ ಹುಡುಕಬೇಕಾಯಿತು. ಜುಲೈಯಲ್ಲಿ 40 ಇಂಚು, ಮಾರ್ಚ್‌ನಲ್ಲಿ 1 ಇಂಚು ಅಂದುಕೊಳ್ಳಿ. ಜುಲೈ ಕಂಬ 20 ಸೆಂಟಿಮೀಟರ್ ಇದ್ದರೆ ಮಾರ್ಚ್‌ಗೆ ಸಿಗುವುದು ಅರ್ಧ ಸೆಂಟಿಮೀಟರ್. ಲೆಕ್ಕ ಸರಿಯೇ. ಆದರೆ ಬೆಳೆಗಾರನ ಕಣ್ಣು ಇರುವುದೇ ಆ ಅರ್ಧ ಸೆಂಟಿಮೀಟರ್ ಮೇಲೆ, ಅಲ್ವಾ? ಅದು ಹೂಮಳೆ. ರೊಬಸ್ಟಾ ಜಾತಿಯ ಕಾಫಿಯ ಮೊಗ್ಗು ಬಿಸಿಲಲ್ಲಿ ಕಾಯುತ್ತಾ ಇರುತ್ತದೆ. ಸುಮಾರು ಒಂದು ಇಂಚು ಬಿದ್ದರೆ ವಾರ-ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಇಪ್ಪತ್ತು ಸೆಂಟ್ ಹನಿಸಿ ಹೋದರೆ ಹೂ ಸರಿಯಾಗಿ ಅರಳುವುದಿಲ್ಲ. ಜುಲೈಯಲ್ಲಿ 40ರ ಬದಲು 41 ಬಂದರೆ ಮಾತ್ರ ಯಾರೂ ಕೇಳುವುದಿಲ್ಲ.

ಹಾಗಾಗಿ ಎರಡು ಚಿತ್ರ ಮಾಡಿದೆ. ಒಂದು ಇಡೀ ವರ್ಷದ್ದು. ಇನ್ನೊಂದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ದಿನಕ್ಕೊಂದು ಕಂಬ. ಹೂಮಳೆ ಯಾವತ್ತು ಬಂತು, ಹೂ ಕಾಯಿ ಕಟ್ಟಲು ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆಗೆ ಎಷ್ಟು ದಿನ ಕಾಯಬೇಕಾಯಿತು, ಎಲ್ಲ ಕಣ್ಣಿಗೆ ಬೀಳುತ್ತದೆ. ಆದರೆ "ಇದರ ಅಳತೆ ಬೇರೆ" ಅಂತ ಅದರ ತಲೆಯ ಮೇಲೇ ಬರೆಯಬೇಕು. ಇಲ್ಲದಿದ್ದರೆ ನೋಡಿದವರು ಮಾರ್ಚ್ ಮಳೆಯೂ ಜುಲೈ ಮಳೆಯೂ ಒಂದೇ ಅಂದುಕೊಳ್ಳುತ್ತಾರೆ.

ಕಂಬದ ಗ್ರಾಫ್ ಸೊನ್ನೆಯಿಂದಲೇ ಶುರುವಾಗಬೇಕು. ಕಣ್ಣು ಅಳೆಯುವುದು ಕಂಬದ ಉದ್ದವನ್ನು, ಬುಡ ಕತ್ತರಿಸಿದರೆ ಅದು ಸುಳ್ಳಾಗುತ್ತದೆ. ಹಾಗಂತ ಎಲ್ಲದಕ್ಕೂ ಸೊನ್ನೆ ಹಿಡಿದರೆ ಹಾರಂಗಿ ಜಲಾಶಯದಲ್ಲಿ ಎಡವುತ್ತೇವೆ. ಅದರ ಪೂರ್ಣ ಮಟ್ಟ 2,859 ಅಡಿ, ಸಮುದ್ರ ಮಟ್ಟದಿಂದ ಎಣಿಸಿದ್ದು. ನೀರು 20 ಅಡಿ ಇಳಿದರೂ ಸೊನ್ನೆಯಿಂದ ಬರೆದ ಕಂಬ ಇದ್ದ ಹಾಗೇ ಕಾಣುತ್ತದೆ. ಅಲ್ಲಿ ಕಂಬ ಬಿಟ್ಟು ಗೆರೆ ಎಳೆಯಬೇಕು, 2,800ರಿಂದ ಶುರು ಅಂತ ಬದಿಯಲ್ಲಿ ಹೇಳಿಬಿಡಬೇಕು. ಕೆಆರ್‌ಎಸ್‌ನ 124.80 ಅಡಿಯನ್ನು ಅದೇ ಚಿತ್ರಕ್ಕೆ ತುರುಕಬೇಡಿ. ಅದನ್ನು ಅಣೆಕಟ್ಟೆಯ ಬುಡದಿಂದ ಅಳೆಯುತ್ತಾರೆ.

ಈ ಕಂಬದ ಗ್ರಾಫ್ ಹುಟ್ಟಿದ್ದೂ ತಮಾಷೆಯಾಗಿದೆ. 1786ರಲ್ಲಿ ವಿಲಿಯಂ ಪ್ಲೇಫೇರ್ ಇಂಗ್ಲೆಂಡಿನ ವ್ಯಾಪಾರವನ್ನು ವರ್ಷ ವರ್ಷದ ಗೆರೆಗಳಲ್ಲಿ ತೋರಿಸಿದ. ಸ್ಕಾಟ್ಲೆಂಡಿನದ್ದು ಒಂದೇ ವರ್ಷದ ಲೆಕ್ಕ ಸಿಕ್ಕಿತ್ತು. ಗೆರೆ ಎಳೆಯಲು ಆಗದೆ, ಅದು ವ್ಯಾಪಾರ ಮಾಡುತ್ತಿದ್ದ ಒಂದೊಂದು ದೇಶಕ್ಕೂ ಆಮದಿಗೊಂದು, ರಫ್ತಿಗೊಂದು ಕಂಬ ಬರೆದ. ಅದು ಅವನಿಗೇ ಅಷ್ಟಾಗಿ ಇಷ್ಟವಾಗಿರಲಿಲ್ಲ!

ನನಗೆ ಜಾಸ್ತಿ ಸಮಯ ಹಿಡಿದದ್ದು ಚಿತ್ರಕ್ಕಲ್ಲ, ಅದರ ಸುತ್ತ ಬರೆಯುವ ನಾಲ್ಕು ಮಾತಿಗೆ. ಸುಮ್ನೆ "ಮಳೆ: 100" ಅಂತ ಬರೆದರೆ ಏನು ತಿಳಿಯುತ್ತದೆ? 100 ಮಿಲಿಮೀಟರ್ ಅಂದರೆ ನಾಲ್ಕು ಇಂಚೂ ಇಲ್ಲ, ಮಳೆಗಾಲದ ಒಂದು ಜೋರು ದಿನ ಅಷ್ಟೇ. 100 ಇಂಚು ಅಂದರೆ ಒಂದು ವರ್ಷದ ಮಳೆ. ಊರಿನ ಹೆಸರೂ ಬೇಕು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ. ಗೆರೆ ಎರಡಿದ್ದರೆ ಬಣ್ಣದ ಚೌಕ ಮಾಡಿ ಮೂಲೆಯಲ್ಲಿ ಇಡುವ ಬದಲು ಗೆರೆಯ ತುದಿಯಲ್ಲೇ ಊರಿನ ಹೆಸರು ಬರೆದರಾಯಿತು. ಹವಾಮಾನ ಇಲಾಖೆಯ ಒಂದು ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ, ನಾವು ಅಳೆಯುವುದು 7ಕ್ಕೆ. ಅದನ್ನೂ ಕೆಳಗೆ ಬರೆದೆ.

ಕೊನೆಗೆ ಏಪ್ರಿಲ್‌ನಲ್ಲಿ ಒಂದು ವಾರ ಖಾಲಿ ಸಿಕ್ಕಿತು. ಕಂಪ್ಯೂಟರ್ ಅದನ್ನು ಸೊನ್ನೆ ಅಂತ ತೆಗೆದುಕೊಂಡಿತ್ತು. ಅಮ್ಮನನ್ನು ಕೇಳಿದೆ. "ಮಳೆ ಇಲ್ಲ ಅಂತಲ್ಲ, ನಾವೇ ಇರಲಿಲ್ಲ. ಮದುವೆಗೆ ಹೋಗಿದ್ದೆವಲ್ಲ" ಅಂದರು. ಆ ಏಳು ದಿನದ ಜಾಗವನ್ನು ಬೂದು ಬಣ್ಣ ಮಾಡಿ, ಒಳಗೆ ಸಣ್ಣದಾಗಿ "ಅಳೆದಿಲ್ಲ" ಅಂತ ಬರೆದೆ.