ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್‌ನಿಂದ ಬೆಲ್ಜಿಯನ್ ವಿಟ್‌ಬಿಯರ್: ಹಸಿ ಗೋಧಿಯ ಪ್ರಶ್ನೆ

ಅಳತೆಗಳನ್ನು ಬರೆದುಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ಗೋಧಿ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಗೋಧಿ ಮತ್ತು ಬಾರ್ಲಿಯ ರಸವನ್ನು ಬತ್ತಿಸಿ ಮಾಡಿದ ಪುಡಿ ಅಥವಾ ಪಾಕ. ಬೆಲ್ಜಿಯಂನ ವಿಟ್‌ಬಿಯರ್‌ಗೆ, ಅಂದರೆ ಅಲ್ಲಿನ ಮಸುಕಾದ ಗೋಧಿ ಬಿಯರ್‌ಗೆ, ಹಾಕುವುದು ಮೊಳಕೆ ಬರಿಸದ ಹಸಿ ಗೋಧಿ, ಅದೂ ಧಾನ್ಯದ ಅರ್ಧದಷ್ಟು. ಹೂಗಾರ್ಡನ್ ಊರಿನಲ್ಲಿ 1950ರ ದಶಕದಲ್ಲಿ ನಿಂತೇಹೋಗಿದ್ದ ಈ ಬಿಯರನ್ನು 1960ರ ದಶಕದಲ್ಲಿ ಪಿಯರ್ ಸೆಲಿಸ್ ಎಂಬವರು ಮತ್ತೆ ಶುರುಮಾಡಿದರು. ಅದರ ಮಸುಕು ಬಣ್ಣಕ್ಕೂ ಮೆದು ರುಚಿಗೂ ಹಸಿ ಗೋಧಿಯ ಪ್ರೋಟೀನ್ ಮತ್ತು ಪಿಷ್ಟ ದೊಡ್ಡ ಕಾರಣ. ಬರೀ ಎಕ್ಸ್‌ಟ್ರ್ಯಾಕ್ಟ್‌ನಿಂದ ಒಳ್ಳೆಯ ಬಿಯರ್ ಆಗುತ್ತದೆ, ಆದರೆ ಈ ಗುಣ ಅರ್ಧಂಬರ್ಧ ಮಾತ್ರ.

ಹಾಗಾದರೆ ಗೋಧಿ ಫ್ಲೇಕ್ಸನ್ನು (ಅವಲಕ್ಕಿಯಂತೆ ಒತ್ತಿದ ಹಸಿ ಗೋಧಿ) ಬಿಸಿನೀರಲ್ಲಿ ನೆನೆಸಿ ಸೇರಿಸಿದರಾಯಿತಲ್ಲ? ಆಗುವುದಿಲ್ಲ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ಕಿಣ್ವ ಬೇಕು. ಹಸಿ ಗೋಧಿಯಲ್ಲಿ ಅದು ಸಾಲದು, ಎಕ್ಸ್‌ಟ್ರ್ಯಾಕ್ಟ್‌ನಲ್ಲಿದ್ದದ್ದು ತಯಾರಿಕೆಯ ಶಾಖಕ್ಕೇ ಸತ್ತಿರುತ್ತದೆ. ಆದ್ದರಿಂದ ಫ್ಲೇಕ್ಸ್ ಜೊತೆಗೆ ಅಷ್ಟೇ ತೂಕದ ಪುಡಿಗುಟ್ಟಿದ ತಿಳಿ ಬಾರ್ಲಿ ಮಾಲ್ಟ್ ಹಾಕಬೇಕು. ತಲಾ 500 ಗ್ರಾಂ ತೆಗೆದುಕೊಂಡು ಬಟ್ಟೆ ಚೀಲದಲ್ಲಿ ಕಟ್ಟಿ, 3 ಲೀಟರ್ ನೀರಿನಲ್ಲಿ 66 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗಂಟೆ ಇಡಿ. 75 ದಾಟಿದರೆ ಕಿಣ್ವಗಳು ಬೇಗ ಸಾಯುತ್ತವೆ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಉಳಿದ ಲೆಕ್ಕ ಸುಲಭ. 20 ಲೀಟರಿಗೆ ಆರಂಭದ ಸಾಂದ್ರತೆ (ನೀರಿನದು 1.000 ಎಂದಿಟ್ಟುಕೊಂಡರೆ) 1.048 ಬೇಕೆಂದರೆ ಒಣ ಎಕ್ಸ್‌ಟ್ರ್ಯಾಕ್ಟ್ ಸುಮಾರು 2.6 ಕೆ.ಜಿ. ಹಿಡಿಯುತ್ತದೆ. ಮೇಲಿನ ಧಾನ್ಯ ಸೇರಿದರೆ 2 ಕೆ.ಜಿ. ಸಾಕು. ಧಾನ್ಯದ ಚೀಲ ತೆಗೆದು ಉಳಿದ ರಸಕ್ಕೆ ಎಕ್ಸ್‌ಟ್ರ್ಯಾಕ್ಟನ್ನೆಲ್ಲ ಮೊದಲೇ ಸುರಿದು ಒಂದು ಗಂಟೆ ಕುದಿಸಿದರೆ ಬಣ್ಣ ಕಂದಾಗುತ್ತದೆ, ವಿಟ್‌ಬಿಯರ್‌ಗೆ ಅದು ಒಪ್ಪುವುದಿಲ್ಲ. ಅರ್ಧವನ್ನು ಕೊನೆಯ 10–15 ನಿಮಿಷಕ್ಕೆ ಉಳಿಸಿಕೊಳ್ಳಿ. ಪಾತ್ರೆಯ ತಳಕ್ಕೆ ಹತ್ತದಂತೆ, ಉರಿ ಆರಿಸಿ ಕಲಕಿ, ಮತ್ತೆ ಉರಿ ಹಚ್ಚಿ. ಹಾಪ್ಸ್ ಎಂಬ ಬಳ್ಳಿಯ ಹೂ ಕಹಿಗೆ ಮಾತ್ರ: ಕಹಿ ಕೊಡುವ ಆಲ್ಫಾ ಆಮ್ಲ ಅದರಲ್ಲಿ 5 ಶೇಕಡ ಇದ್ದರೆ 25 ಗ್ರಾಂ ಹಾಕಿ ಒಂದು ಗಂಟೆ ಕುದಿಸಿ.

ಮಸಾಲೆಯಲ್ಲಿ ಕೈ ಬಿಗಿ ಹಿಡಿಯಿರಿ. ಒರಟಾಗಿ ಜಜ್ಜಿದ ಕೊತ್ತಂಬರಿ ಬೀಜ 15 ಗ್ರಾಂ, ಒಣಗಿದ ಕಹಿ ಕಿತ್ತಳೆ ಸಿಪ್ಪೆಯೂ ಹೆಚ್ಚುಕಡಿಮೆ ಅಷ್ಟೇ, ಕೊನೆಯ 5 ನಿಮಿಷದಲ್ಲಿ. ತಾಜಾ ಹಣ್ಣಿನದಾದರೆ ಬಿಳಿ ಪದರ ಬಿಟ್ಟು ಮೇಲಿನ ಬಣ್ಣದ ಸಿಪ್ಪೆ ಮಾತ್ರ. ಕುಡಿದವರು "ಕೊತ್ತಂಬರಿ!" ಎಂದು ಗುರುತಿಸಿದರೆ ಜಾಸ್ತಿಯಾಗಿದೆ ಎಂದೇ ನನ್ನ ಲೆಕ್ಕ. ಲವಂಗ-ಮೆಣಸಿನಂಥ ಘಾಟಿನ ಪಾಲು ಯೀಸ್ಟ್‌ನದು. ವಿಟ್‌ಬಿಯರ್‌ಗೆಂದೇ ಇರುವ ಬೆಲ್ಜಿಯನ್ ಯೀಸ್ಟ್ ಬದಲು ಸಾಮಾನ್ಯ ಏಲ್ ಯೀಸ್ಟ್ ಹಾಕಿದರೆ ಯಾವ ಮಸಾಲೆಯೂ ಆ ಕೊರತೆ ತುಂಬದು.

ಕುದಿ ಮುಗಿದ ಮೇಲೆ ತಾಗುವ ಎಲ್ಲವೂ ಸೋಂಕುರಹಿತವಾಗಿರಬೇಕು. ಬೇಗ 20 ಡಿಗ್ರಿಗೆ ತಣಿಸಿ ಯೀಸ್ಟ್ ಹಾಕಿ, 20–22ರಲ್ಲಿ ಹುದುಗಲು ಬಿಡಿ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಲವು ದಿನ ಒಂದೇ ಅಂಕಿ ತೋರಿಸಿದರೆ ಹುದುಗುವಿಕೆ ಮುಗಿದಿದೆ; ಆ ಅಂಕಿ 1.010 ಹತ್ತಿರವಿದ್ದರೆ ಮದ್ಯಾಂಶ ಸುಮಾರು 5 ಶೇಕಡ. ಹುದುಗುವಿಕೆ ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಅನಿಲದ ಒತ್ತಡಕ್ಕೆ ಗಾಜು ಒಡೆಯಬಹುದು. ತುಂಬುವಾಗ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸಿ, ಎರಡು ವಾರ ಬೆಚ್ಚಗಿಡಿ. ಕೊತ್ತಂಬರಿ-ಕಿತ್ತಳೆಯ ಪರಿಮಳ ತಿಂಗಳುಗಟ್ಟಲೆ ನಿಲ್ಲುವುದಿಲ್ಲವಾದ್ದರಿಂದ ಈ ಬಿಯರನ್ನು ಕೂಡಿಡಬೇಡಿ.